ಡಬ್ಲಿನ್ ಕ್ಯಾಸಲ್‌ಗೆ ಅರ್ಜಿ ಬರೆದವರು ಯಾರು? ಬರೆದು ಏನು ಸಿಕ್ಕಿತು?

ಕಡತಪ್ರಿಯ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಕೆಲವು ವಾರಗಳಿಂದ ಒಂದು ಹುಚ್ಚು ಹತ್ತಿದೆ. ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್‌ನವರು 1818ರಿಂದ 1833ರವರೆಗಿನ ಚೀಫ್ ಸೆಕ್ರೆಟರಿ ಕಚೇರಿಯ ಕಾಗದಗಳ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಇಟ್ಟಿದ್ದಾರೆ. ಆಗ ಐರ್ಲೆಂಡನ್ನು ಆಳುತ್ತಿದ್ದದ್ದು ಬ್ರಿಟಿಷರು, ಅವರ ಆಡಳಿತ ಕೇಂದ್ರ ಡಬ್ಲಿನ್ ಕ್ಯಾಸಲ್, ಅಲ್ಲಿ ಆಡಳಿತ ನೋಡಿಕೊಳ್ಳುತ್ತಿದ್ದ ಮಂತ್ರಿ ಚೀಫ್ ಸೆಕ್ರೆಟರಿ. ಯಾರು ಬರೆದರು, ಯಾವ ಊರಿಂದ, ಏನು ಕೇಳಿದರು ಅಂತ ಒಂದೊಂದಕ್ಕೂ ಚಿಕ್ಕ ಸಾರಾಂಶ ಇದೆ. ರಾತ್ರಿ ಊಟ ಆದ ಮೇಲೆ ಓದೋಕೆ ಕೂತರೆ ಏಳೋಕೆ ಮನಸ್ಸಾಗಲ್ಲ.

ಎಲ್ಲಿ ನೋಡಿದರೂ ಅರ್ಜಿಗಳೇ. ಸೈನಿಕನ ವಿಧವೆ ಪಿಂಚಣಿ ಕೇಳುತ್ತಾಳೆ. ಜೈಲಲ್ಲಿರುವವನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡೋದನ್ನು ತಪ್ಪಿಸಿ ಅನ್ನುತ್ತಾನೆ. ಪಾದ್ರಿ ಒಬ್ಬರು ನಮ್ಮ ಊರಿನ ಆಲೂಗಡ್ಡೆ ನೆಲದಲ್ಲೇ ಕೊಳೆತಿದೆ, ಜನರಿಗೆ ಕೂಲಿ ಕೆಲಸ ಕೊಡಿ ಅನ್ನುತ್ತಾರೆ. ಸುಂಕದ ಗುಮಾಸ್ತನಿಗೆ ಬಡ್ತಿ ಬೇಕು.

ನನ್ನ ಪ್ರಶ್ನೆ ಇಷ್ಟೇ. ಇವರಲ್ಲಿ ಬಹಳ ಜನಕ್ಕೆ ಓದು ಬರಹ ಇಲ್ಲ. ಪಶ್ಚಿಮದ ಕಡೆ ಎಷ್ಟೋ ಜನಕ್ಕೆ ಐರಿಷ್ ಬಿಟ್ಟರೆ ಬೇರೆ ಭಾಷೆ ಗೊತ್ತಿಲ್ಲ. ಆದರೂ ಅರ್ಜಿ ಮಾತ್ರ ಗಟ್ಟಿ ಇಂಗ್ಲಿಷಿನಲ್ಲಿ. ಬರೆದುಕೊಟ್ಟವರು ಯಾರು? ಆಳುವವರು ಪರಕೀಯರು ಅಂತ ಗೊತ್ತಿದ್ದೂ ಇಷ್ಟೊಂದು ಜನ ಯಾಕೆ ಬರೆದರು? ಏನಾದ್ರೂ ಸಿಕ್ಕಿತಾ?

ಬಿಸಿಬೇಳೆ

ಸರ್ಕಾರಕ್ಕೆ ಅರ್ಜಿ ಹಾಕಿ ಏನಾದ್ರೂ ಸಿಕ್ಕಿತಾ ಅಂತ ಕೇಳೋಕೆ ಐರ್ಲೆಂಡಿಗೆ ಯಾಕೆ ಹೋಗಬೇಕು ಗುರು 😄

ಹೊಂಗೆನೆರಳು

ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರನಾಗಿ ರಿಟೈರ್ ಆದವನು ನಾನು, ಆದ್ದರಿಂದ ಈ ಪ್ರಶ್ನೆಗೆ ಸುಮ್ನೆ ಇರೋಕಾಗಲ್ಲ. ನಾನು ಕೆಲಸ ಮಾಡಿದ ಒಂದು ತಾಲ್ಲೂಕಿನಲ್ಲಿ ಕಚೇರಿ ಎದುರು ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ ಒಬ್ಬನಿದ್ದ. ಅವನ ಹತ್ತಿರ ಇದ್ದದ್ದೇ ಮೂರು ನಮೂನೆ. ವಿಧವಾ ವೇತನ, ಖಾತೆ ಬದಲಾವಣೆ, ಬರ ಪರಿಹಾರ. ಹೆಸರು, ಸರ್ವೆ ನಂಬರ್ ಮಾತ್ರ ಬದಲು. ಒಂದು ಸಲ ಖಾತೆ ಬದಲಾವಣೆಗೆ ಬಂದ ಹೆಂಗಸಿನ ಅರ್ಜಿಯಲ್ಲಿ "ನನ್ನ ಪತಿಯವರು ಮೃತರಾಗಿರುತ್ತಾರೆ" ಅಂತ ಟೈಪಾಗಿತ್ತು. ಪತಿ ಅವಳ ಪಕ್ಕದಲ್ಲೇ ನಿಂತು ಬೀಡಿ ಸೇದುತ್ತಿದ್ದ.

ಅಲ್ಲಿಯೂ ಅಂಥವನೇ ಒಬ್ಬ ಇದ್ದಿರಬೇಕು. ಬಲ್ಲವರು ಹೇಳಲಿ.

ಡಬ್ಲಿನ್ ಮಳೆ

ಇದ್ದರು ಸರ್, ಬೇಕಾದಷ್ಟು ಜನ ಇದ್ದರು. ನಾನು ಇಲ್ಲಿ ಐಟಿ ಕೆಲಸದಲ್ಲಿದ್ದೇನೆ, ರಜೆ ಹಾಕಿ ಬಿಷಪ್ ಸ್ಟ್ರೀಟಿನ ಆರ್ಕೈವ್ಸ್‌ಗೆ ಹೋಗೋದು ನನ್ನ ಹವ್ಯಾಸ. ರೀಡರ್ಸ್ ಟಿಕೆಟ್ ಉಚಿತ. ಒಳಗೆ ಪೆನ್ನು ಬಿಡಲ್ಲ, ಪೆನ್ಸಿಲ್ ಮಾತ್ರ.

ಹಳ್ಳಿ ಕಡೆ ಬರೆದುಕೊಡುತ್ತಿದ್ದವರು ಹೆಚ್ಚಾಗಿ ಶಾಲೆ ಮೇಷ್ಟ್ರು. ಆಗ ಅಲ್ಲಿ ಹೆಜ್ ಸ್ಕೂಲ್ ಅಂತ ಇದ್ದವು. ಹಿಂದಿನ ಶತಮಾನದಲ್ಲಿ ಕ್ಯಾಥೊಲಿಕರು ಶಾಲೆ ನಡೆಸುವುದಕ್ಕೇ ಕಾನೂನಿನ ಅಡ್ಡಿ ಇತ್ತು, ಹಾಗಾಗಿ ಬೇಲಿ ಮರೆಯಲ್ಲಿ, ಕೊಟ್ಟಿಗೆಯಲ್ಲಿ ಪಾಠ. 1800ರ ನಂತರ ಆ ಅಡ್ಡಿ ಇರಲಿಲ್ಲ, ಆದರೆ ಮೇಷ್ಟ್ರುಗಳು ಹಾಗೇ ಮುಂದುವರಿದರು. ಪಾಠದ ಫೀಸು ಸಾಲದು ಅಂತ ಊರವರ ಕಾಗದ, ಕರಾರು, ಅರ್ಜಿ ಬರೆದು ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದರು. ಪಾದ್ರಿಗಳು, ವಕೀಲರ ಗುಮಾಸ್ತರೂ ಬರೆದುಕೊಡುತ್ತಿದ್ದರು.

ಒಂದು ಅರ್ಜಿ ಕೈಗೆ ಬಂದರೆ ಹೀಗಿರುತ್ತೆ. ದಪ್ಪ ಕಾಗದ. ಉದ್ದಕ್ಕೆ ಮಡಚಿ ಮಡಚಿ ಪಟ್ಟಿಯ ಹಾಗೆ ಮಾಡಿದ್ದಾರೆ. ಇನ್ನೂರು ವರ್ಷದ ಮಡಿಕೆ, ಬಿಡಿಸಿಟ್ಟರೂ ತಾನಾಗಿ ಮತ್ತೆ ಮಡಚಿಕೊಳ್ಳುತ್ತೆ, ಮೇಲೆ ತೂಕದ ಚೀಲ ಇಡಬೇಕು. ಒಳಗೆ ಮೇಲುಗಡೆ ದೊಡ್ಡ ಅಕ್ಷರದಲ್ಲಿ ಲಾರ್ಡ್ ಲೆಫ್ಟಿನೆಂಟರ (ಬ್ರಿಟನ್ ರಾಜನ ಪರವಾಗಿ ಐರ್ಲೆಂಡ್ ಆಳುತ್ತಿದ್ದವರು) ಬಿರುದು ಬಾವಲಿ ಎಲ್ಲ. ಆಮೇಲೆ ಇಂಥ ಊರಿನ ಇಂಥವನ ವಿನಮ್ರ ಬಿನ್ನಹ. ಕೊನೆಗೆ ತಮಗಾಗಿ ಸದಾ ಪ್ರಾರ್ಥಿಸುತ್ತೇನೆ ಅಂತ ಮುಕ್ತಾಯ. ಮಡಚಿದ ಪಟ್ಟಿಯ ಹೊರಗೆ ಗುಮಾಸ್ತನ ಕೈಯಲ್ಲಿ ನಂಬರು, ತಾರೀಕು, ಹೆಸರು, ವಿಷಯ ಒಂದು ಸಾಲು. ಕೆಲವದರ ಮೇಲೆ ಚೀಫ್ ಸೆಕ್ರೆಟರಿಯ ಕೈಕೆಳಗಿನ ಅಧಿಕಾರಿಯಾದ ಅಂಡರ್ ಸೆಕ್ರೆಟರಿಯ ಷರಾ.

ಹೊಂಗೆನೆರಳು

ಇನ್‌ವರ್ಡ್ ನಂಬರು, ವಿಷಯ, ಷರಾ. ಅದೇ ಟಪಾಲು, ಅದೇ ಕಡತ! ಹಿಂಬರಹ ಕೊಡುತ್ತಿದ್ದರಾ?

ಡಬ್ಲಿನ್ ಮಳೆ

ಉತ್ತರ ಕಳಿಸಿದ್ದರೆ ಅದರ ಸಾರ ಒಂದೆರಡು ಸಾಲು ಅರ್ಜಿಯ ಮೇಲೇ ಗುರುತು ಹಾಕಿರುತ್ತಾರೆ. ನಾನು ನೋಡಿದ್ದರಲ್ಲಿ ನೌಕರಿ ಕೇಳಿದವರಿಗೆ "ಈಗ ಹುದ್ದೆ ಖಾಲಿ ಇಲ್ಲ" ಅನ್ನೋ ಥರದ್ದೇ ಜಾಸ್ತಿ.

ನಿಂಬೆಹುಳಿ

ಒಂದು ನಿಮಿಷ. ಐರ್ಲೆಂಡಿನ ದಾಖಲೆ ಎಲ್ಲ 1922ರ ಬೆಂಕಿಯಲ್ಲಿ ಸುಟ್ಟು ಬೂದಿಯಾಯ್ತು ಅಂತ ಎಲ್ಲ ಕಡೆ ಓದಿದ್ದೇನೆ. ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಕೋರ್ಟು ಕಟ್ಟಡ ಫೋರ್ ಕೋರ್ಟ್ಸ್ ಸ್ಫೋಟ ಆಯ್ತಲ್ಲ. ಹಾಗಿದ್ದ ಮೇಲೆ ಇವೆಲ್ಲಿಂದ ಬಂದವು?

ಎರಡನೇ ಸಾಲು

ಎಲ್ಲವೂ ಅಲ್ಲ. 1922ರ ಜೂನ್ 30ರಂದು ಸುಟ್ಟದ್ದು ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಪಬ್ಲಿಕ್ ರೆಕಾರ್ಡ್ ಆಫೀಸ್. 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳು ಹೋಗಿದ್ದು ಅಲ್ಲೇ, ಅಲ್ಪಸ್ವಲ್ಪ ಚೂರು ಉಳಿದಿವೆ. ಆದರೆ ಚೀಫ್ ಸೆಕ್ರೆಟರಿ ಕಚೇರಿಯ ಕಾಗದ ಇದ್ದದ್ದು ಡಬ್ಲಿನ್ ಕ್ಯಾಸಲ್ ಒಳಗಿನ ಸ್ಟೇಟ್ ಪೇಪರ್ ಆಫೀಸಿನಲ್ಲಿ. ಅದು ಬೇರೆ ಸಂಸ್ಥೆ, ಬೇರೆ ಕಟ್ಟಡ. ಬೆಂಕಿ ಆ ಕಡೆ ಹೋಗಲೇ ಇಲ್ಲ. ಎರಡೂ ಸೇರಿ ನ್ಯಾಷನಲ್ ಆರ್ಕೈವ್ಸ್ ಆಗಿದ್ದು 1988ರಲ್ಲಿ.

ಇನ್ನೊಂದು ವಿಷಯ. 1861ರಿಂದ 1891ರವರೆಗಿನ ಗಣತಿ ಹಾಳೆಗಳನ್ನು ಬೆಂಕಿಗೆ ಮುಂಚೆಯೇ ಸರ್ಕಾರದವರೇ ನಾಶ ಮಾಡಿದ್ದರು. ಅದನ್ನೂ ಬೆಂಕಿಯ ತಲೆಗೆ ಕಟ್ಟಬೇಡಿ.

ಗಣತಿ ಹೋಗಿರುವುದರಿಂದಲೇ ಈ ಅರ್ಜಿಗಳಿಗೆ ಇಷ್ಟು ಬೆಲೆ. 1821ರಲ್ಲಿ ದೇಶದ ಜನಸಂಖ್ಯೆ 68 ಲಕ್ಷ ಅಂತ ಒಟ್ಟು ಲೆಕ್ಕ ಗೊತ್ತು. ಆ ಬಡವರ ಹೆಸರು, ಊರು, ಮಕ್ಕಳೆಷ್ಟು, ಏನು ಕಷ್ಟ, ಇದು ಬೇರೆ ಎಲ್ಲೂ ಉಳಿದಿಲ್ಲ.

ನಿಂಬೆಹುಳಿ

ಸರಿ. ಆದರೂ ಬಡವರು ತಾವೇ ಹೇಳಿದ್ದು ಅಂತ ಹೇಗೆ ನಂಬೋದು? ಮೇಷ್ಟ್ರು ಬರೆದದ್ದು ತಾನೇ. ಕಣ್ಣೀರು ಯಾರದ್ದು, ಇಂಕು ಯಾರದ್ದು?

ಪಟ್ಟಣದ ಹುಡುಗ

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. 1821ರಲ್ಲಿ ಲಾರ್ಡ್ ಲೆಫ್ಟಿನೆಂಟ್ ಆಗಿ ಬಂದವನು ನಮ್ಮ ವೆಲ್ಲೆಸ್ಲಿ ಅಲ್ವಾ? ಶ್ರೀರಂಗಪಟ್ಟಣದಲ್ಲಿ ಟಿಪ್ಪುವನ್ನು ಸೋಲಿಸಿ ದರಿಯಾ ದೌಲತ್‌ನಲ್ಲಿ ಬಿಡಾರ ಹೂಡಿದವನು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ.

ಎರಡನೇ ಸಾಲು

ಅಣ್ಣ ತಮ್ಮ ಇಬ್ಬರನ್ನೂ ಕಲಸಿಬಿಟ್ಟಿರಿ. ದರಿಯಾ ದೌಲತ್‌ನಲ್ಲಿ ಇದ್ದವನು ತಮ್ಮ, ಆರ್ಥರ್. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು. 1821ರ ಡಿಸೆಂಬರಿನಲ್ಲಿ ಡಬ್ಲಿನ್‌ಗೆ ಬಂದವನು ಅಣ್ಣ, ರಿಚರ್ಡ್. 1798ರಿಂದ 1805ರವರೆಗೆ ಇಲ್ಲಿ ಗವರ್ನರ್ ಜನರಲ್. 1799ರ ಯುದ್ಧ ಮಾಡಿಸಿದವನು ಇವನೇ, ಆದರೆ ಯುದ್ಧದ ಹೊತ್ತಿಗೆ ಇದ್ದದ್ದು ಮದ್ರಾಸಿನಲ್ಲಿ.

ಪಟ್ಟಣದ ಹುಡುಗ

ಇಬ್ಬರೂ ಒಂದೇ ಮನೆಯವರು ತಾನೇ ಸರ್. ನಮಗೆ ಇಬ್ಬರೂ ಒಂದೇ.

ಡಬ್ಲಿನ್ ಮಳೆ

ತಮ್ಮನಿಗೂ ಈ ಚರ್ಚೆಯಲ್ಲಿ ಜಾಗ ಇದೆ! ಆರ್ಥರ್ 1807ರಿಂದ 1809ರವರೆಗೆ ಇಲ್ಲಿ ಚೀಫ್ ಸೆಕ್ರೆಟರಿ. ಆ ಹುದ್ದೆಯಲ್ಲಿ ಇದ್ದುಕೊಂಡೇ 1808ರಲ್ಲಿ ಪೋರ್ಚುಗಲ್‌ಗೆ ಹೋಗಿ ಯುದ್ಧ ಮಾಡಿ ಬಂದ. ಅವನ ಆ ಕಾಲದ ಪತ್ರಗಳು ಅಚ್ಚಾಗಿವೆ. ಟಿಪ್ಪು ಬಿದ್ದ ಮೇಲೆ ಮೈಸೂರು ಕಡೆ ದಂಗೆ ಎದ್ದ ಧೊಂಡಿಯಾ ವಾಘನ ಬೆನ್ನು ಹತ್ತಿ ಹೋಗಿ ಮುಗಿಸಿದ ಸೇನಾಪತಿ, ಇಲ್ಲಿ ಕೂತು ಯಾವ ಸಂಸದನ ಭಾಮೈದನಿಗೆ ಯಾವ ಸುಂಕದ ಕೆಲಸ ಕೊಡಬೇಕು, ಯಾವ ಪಾದ್ರಿಗೆ ಯಾವ ಚರ್ಚು ಅಂತ ಲೆಕ್ಕ ಹಾಕುತ್ತಿದ್ದ. ಅಷ್ಟು ಶಿಫಾರಸು ಪತ್ರ.

ಬಿಸಿಬೇಳೆ

ಧೊಂಡಿಯಾನೇ ವಾಸಿ ಅನ್ನಿಸಿರಬೇಕು ಪಾಪ.

ಮಾರಾಯ್ರೆ ಕೇಳಿ

ಮಾರಾಯ್ರೆ, ವಿಷಯಕ್ಕೆ ಬನ್ನಿ. ನನಗೆ ಇದೆಲ್ಲ ಒಂಥರಾ ಬೇಜಾರಿನ ಸಂಗತಿ ಅನ್ನಿಸ್ತದೆ. ತಮ್ಮ ಭೂಮಿ ಕಿತ್ತುಕೊಂಡವರ ಮುಂದೆ ಕೈಕಟ್ಟಿ ನಿಂತು "ಪ್ರಭುಗಳೇ, ಬಡವ ನಾನು" ಅಂತ ಬರೆಯೋದು. 1801ರಲ್ಲಿ ಸ್ವಂತ ಪಾರ್ಲಿಮೆಂಟೂ ಹೋಯ್ತು. ಕ್ಯಾಥೊಲಿಕನಿಗೆ ಪಾರ್ಲಿಮೆಂಟಿನಲ್ಲಿ ಕೂರುವ ಹಕ್ಕು ಸಿಕ್ಕಿದ್ದು 1829ರಲ್ಲಿ. ತಮ್ಮದಲ್ಲದ ಪ್ರಾಟೆಸ್ಟಂಟ್ ಚರ್ಚಿನವರಿಗೆ ಟೈತ್ ಅಂತ ಬೆಳೆಯ ಪಾಲು ಕೊಡಬೇಕು. ಇಷ್ಟಾದ ಮೇಲೂ ಬಿನ್ನಹವಾ? ಇದು ಗುಲಾಮಗಿರಿ ಅಲ್ಲದೆ ಮತ್ತೇನು?

ಎರಡನೇ ಸಾಲು

ಇದಕ್ಕೆ ನನ್ನ ಒಪ್ಪಿಗೆ ಇಲ್ಲ.

ಅದೇ ವರ್ಷಗಳ ಅದೇ ಪೆಟ್ಟಿಗೆ ತೆಗೆದು ನೋಡಿ. ಬಿನ್ನಹದ ಪಕ್ಕದಲ್ಲೇ ಬೆದರಿಕೆ ಪತ್ರ ಸಿಗುತ್ತೆ. 1821ರಲ್ಲಿ ಲಿಮರಿಕ್ ಕೌಂಟಿಯ ನ್ಯೂಕ್ಯಾಸಲ್ ವೆಸ್ಟ್‌ನ ಸುತ್ತ ಕೋರ್ಟೆನೆ ಎಸ್ಟೇಟಿನಲ್ಲಿ ಗೇಣಿ ಹಿಂಸೆ ಜಾಸ್ತಿಯಾಯ್ತು. ನೆಪೋಲಿಯನ್ ಯುದ್ಧ ಮುಗಿದ ಮೇಲೆ ದವಸದ ಬೆಲೆ ಬಿದ್ದಿತ್ತು, ಗೇಣಿ ಇಳಿಯಲಿಲ್ಲ. ಅಲ್ಲಿಂದ ಹುಟ್ಟಿದ್ದು ಕ್ಯಾಪ್ಟನ್ ರಾಕ್ ಹೆಸರಿನ ದಂಗೆ. ಅಂಥ ಹೆಸರಿನ ಒಬ್ಬ ಮನುಷ್ಯ ಇರಲಿಲ್ಲ. ಯಾರು ಬೇಕಾದರೂ ಆ ಹೆಸರು ಹಾಕಿ ಬರೆಯಬಹುದಿತ್ತು. ರಾತ್ರಿ ಬಾಗಿಲಿಗೆ, ಚರ್ಚಿನ ಗೇಟಿಗೆ ಚೀಟಿ ಅಂಟಿಸುತ್ತಿದ್ದರು. ಗೇಣಿ ಇಳಿಸು, ಟೈತ್ ಕೇಳಬೇಡ, ಇಲ್ಲದಿದ್ದರೆ ಮನೆ ಉರಿಯುತ್ತೆ. ಮ್ಯಾಜಿಸ್ಟ್ರೇಟ್ ಆ ಚೀಟಿ ಕಿತ್ತು ಡಬ್ಲಿನ್ ಕ್ಯಾಸಲ್‌ಗೆ ಕಳಿಸುತ್ತಿದ್ದ. ಅದಕ್ಕೂ ನಂಬರು, ಅದಕ್ಕೂ ಷರಾ.

ಆ ಚೀಟಿ ಬರೆದವರು ಯಾರು ಅಂತ ಅಧಿಕಾರಿಗಳು ಅನುಮಾನ ಪಟ್ಟಿದ್ದು ಯಾರ ಮೇಲೆ ಹೇಳಿ? ಅದೇ ಶಾಲೆ ಮೇಷ್ಟ್ರುಗಳ ಮೇಲೆ. ಬರೆಯಲು ಬರುತ್ತಿದ್ದವರೇ ಊರಿಗೆ ಒಬ್ಬಿಬ್ಬರು. ಹಗಲು ವಿಧವೆಗೆ ಬಿನ್ನಹ, ರಾತ್ರಿ ಕ್ಯಾಪ್ಟನ್ ರಾಕ್ ಹೆಸರಲ್ಲಿ ಧಮಕಿ, ಎರಡೂ ಒಬ್ಬನೇ ಬರೆದಿರಬಹುದು. ಕೈಕಟ್ಟುವುದೂ ಒಂದು ಉಪಾಯ, ಕೈ ಎತ್ತುವುದೂ ಒಂದು ಉಪಾಯ. ಯಾವಾಗ ಯಾವುದು ನಡೆಯುತ್ತೆ ಅಂತ ಜನರಿಗೆ ಚೆನ್ನಾಗಿ ಗೊತ್ತಿತ್ತು.

ಮಾರಾಯ್ರೆ ಕೇಳಿ

ಒಬ್ಬನೇ ಬರೆದಿರಬಹುದು ಅನ್ನೋದು ನಿಮ್ಮ ಊಹೆ. ಚೆಂದ ಇದೆ, ಆದರೆ ಊಹೆ.

ಎರಡನೇ ಸಾಲು

ಊಹೆಯೇ. "ಬರೆದಿರಬಹುದು" ಅಂತಲೇ ಬರೆದಿದ್ದೇನೆ. ಸಂಶಯ ಪಟ್ಟಿದ್ದು ಮಾತ್ರ ಊಹೆಯಲ್ಲ.

ಕಡತಪ್ರಿಯ

ಇದು ಚೆನ್ನಾಗಿದೆ! ಆದರೆ ನನ್ನ ಮೂರನೇ ಪ್ರಶ್ನೆ ಹಾಗೇ ಉಳಿದಿದೆ. ಸಿಕ್ಕಿತಾ ಏನಾದ್ರೂ? ಜೈಲಿನವರ ಅರ್ಜಿ ಓದುವಾಗ ಕೊನೆಗೆ ಏನಾಯ್ತು ಅಂತ ಗೊತ್ತಾಗದೆ ಹೊಟ್ಟೆ ಉರಿಯುತ್ತೆ.

ಡಬ್ಲಿನ್ ಮಳೆ

ಜೈಲಿನವರ ಅರ್ಜಿಗೆ ಒಂದು ದಾರಿ ಇತ್ತು. ಶಿಕ್ಷೆ ಕಡಿಮೆ ಮಾಡುವ ಅಧಿಕಾರ ಲಾರ್ಡ್ ಲೆಫ್ಟಿನೆಂಟರದ್ದು. ಅರ್ಜಿ ಬಂದ ಮೇಲೆ ವಿಚಾರಣೆ ಮಾಡಿದ ಜಡ್ಜಿಗೆ ಅಭಿಪ್ರಾಯ ಕೇಳಿ ಕಳಿಸುತ್ತಿದ್ದರು. ಜಡ್ಜಿ ತನ್ನ ಟಿಪ್ಪಣಿ ನೋಡಿ ಸಾಕ್ಷಿ ಏನು ಹೇಳಿತ್ತು, ದಯೆ ತೋರಿಸಬಹುದಾ ಇಲ್ಲವಾ ಅಂತ ಬರೆಯುತ್ತಿದ್ದ. ಆಗದು ಅಂದರೆ ಮೇಲೆ ಒಂದೇ ಷರಾ, ಕಾನೂನು ತನ್ನ ದಾರಿ ಹಿಡಿಯಲಿ. ಅಲ್ಲಿಗೆ ಮುಗೀತು. ಒಪ್ಪಿದರೆ ಗಲ್ಲು ಹೋಗಿ ಗಡೀಪಾರು, ಗಡೀಪಾರು ಹೋಗಿ ಜೈಲು.

ಹಾಗಾಗಿ ಅರ್ಜಿಯ ಒಕ್ಕಣೆಗಿಂತ ಅದರ ಕೆಳಗಿನ ಸಹಿಗಳಿಗೆ ತೂಕ ಜಾಸ್ತಿ. ಜಮೀನ್ದಾರ, ಪ್ರಾಟೆಸ್ಟಂಟ್ ಪಾದ್ರಿ, ಮ್ಯಾಜಿಸ್ಟ್ರೇಟ್, ಸಾಧ್ಯವಾದರೆ ತೀರ್ಪು ಕೊಟ್ಟ ಜ್ಯೂರಿಯವರೇ. ಅಪರಾಧಿಯ ತಾಯಿಯೋ ಹೆಂಡತಿಯೋ ಆ ಕಾಗದ ಹಿಡಿದು ಬಂಗಲೆಯಿಂದ ಬಂಗಲೆಗೆ ಅಲೆದು ಸಹಿ ಹಾಕಿಸಬೇಕು. ಹಡಗು ಹೊರಡುವ ಮುಂಚೆ. ಕಿಂಗ್ಸ್‌ಟೌನ್ ಬಂದರಿನಲ್ಲಿ ಎಸೆಕ್ಸ್ ಅಂತ, ಕಾರ್ಕ್ ಬಂದರಿನಲ್ಲಿ ಸರ್‌ಪ್ರೈಸ್ ಅಂತ ಹಳೇ ಯುದ್ಧ ಹಡಗುಗಳನ್ನು ನಿಲ್ಲಿಸಿ ಅದರಲ್ಲೇ ಕೈದಿಗಳನ್ನು ಕೂಡಿ ಹಾಕುತ್ತಿದ್ದರು. ಅಲ್ಲಿಂದಲೂ ಅರ್ಜಿಗಳು ಬಂದಿವೆ.

ಇನ್ನೊಂದು ನೆನಪಿಡಿ. 1822ರಲ್ಲಿ ಇನ್ಸರೆಕ್ಷನ್ ಆ್ಯಕ್ಟ್ ಮತ್ತೆ ಬಂತು. ದಂಗೆ ಪ್ರದೇಶ ಅಂತ ಸಾರಿದ ಕಡೆ ಸೂರ್ಯ ಮುಳುಗಿದ ಮೇಲೆ ಮನೆಯಿಂದ ಆಚೆ ಸಿಕ್ಕಿಬಿದ್ದರೆ ಏಳು ವರ್ಷ ಗಡೀಪಾರು. ಜ್ಯೂರಿ ಇಲ್ಲ. ಕಳ್ಳತನ ಇಲ್ಲ, ಕೊಲೆ ಇಲ್ಲ, ಕತ್ತಲಲ್ಲಿ ಹೊರಗಿದ್ದ ಅಷ್ಟೇ. ಹಸು ಹುಡುಕೋಕೆ ಹೋಗಿದ್ದೆ ಅಂದರೂ ಕೇಳೋರಿಲ್ಲ. ಅಂಥವನಿಗೆ ಅರ್ಜಿ ಬಿಟ್ಟರೆ ಬೇರೆ ಏನಿತ್ತು? ಗುಲಾಮಗಿರಿ ಅನ್ನೋ ಮಾತು ಅಲ್ಲಿ ಸ್ವಲ್ಪ ಹೆಚ್ಚಾಯ್ತು.

ಸಿಡ್ನಿ ಸುಮ

ನಾನು ಈ ಚರ್ಚೆಯನ್ನು ಆಚೆ ದಡದಿಂದ ಓದ್ತಿದ್ದೀನಿ 🙂 ಇಲ್ಲಿ ನನ್ನ ಪಕ್ಕದ ಮನೆಯವರು ಐರಿಷ್ ಮೂಲದವರು. ಅವರಿಗೆ ಪೂರ್ವಜನ ಹೆಸರು ಸಿಕ್ಕಿದ್ದು ಗಡೀಪಾರಿನ ಪಟ್ಟಿಯಲ್ಲೇ. ಐರ್ಲೆಂಡ್ ಸರ್ಕಾರ 1988ರಲ್ಲಿ ಆಸ್ಟ್ರೇಲಿಯಾಕ್ಕೆ ಗಡೀಪಾರು ದಾಖಲೆಗಳ ಮೈಕ್ರೋಫಿಲ್ಮ್ ಮತ್ತು ಕಂಪ್ಯೂಟರ್ ಸೂಚಿಯನ್ನು ಉಡುಗೊರೆ ಕೊಟ್ಟಿತು, ಇಲ್ಲಿ ವಸಾಹತು ಶುರುವಾಗಿ 200 ವರ್ಷ ಆಯ್ತು ಅಂತ. ಆ ಪಟ್ಟಿ ಮಾಡುವಾಗ ಕೈದಿಗಳ ಅರ್ಜಿಗಳನ್ನೂ ಸೇರಿಸಿಕೊಂಡಿದ್ದಾರೆ.

ನನಗೆ ಹೆಂಡತಿಯರ ಅರ್ಜಿಗಳು ಕಣ್ಣಿಗೆ ಕಟ್ಟಿದ ಹಾಗಿವೆ. ಗಂಡನನ್ನು ನ್ಯೂ ಸೌತ್ ವೇಲ್ಸ್‌ಗೆ ಕಳಿಸಿದ್ದೀರಿ, ನನ್ನನ್ನೂ ಮಕ್ಕಳನ್ನೂ ಸರ್ಕಾರದ ಖರ್ಚಿನಲ್ಲಿ ಅಲ್ಲಿಗೇ ಕಳಿಸಿ ಅಂತ. ಗಂಡ ಇಲ್ಲಿ ಒಳ್ಳೆ ನಡತೆ ತೋರಿಸಿ, ಗವರ್ನರ್ ಒಪ್ಪಿಗೆ ಕೊಟ್ಟರೆ ಕೆಲವರಿಗೆ ಅದು ಸಿಕ್ಕಿದೆ. ಕೈದಿಗಳ ಹಡಗಿನಲ್ಲೇ ಬಂದಿದ್ದಾರೆ. ಬಿಟ್ಟು ಬಂದ ಊರು ಮತ್ತೆ ಕಾಣಲ್ಲ ಅಂತ ಗೊತ್ತಿದ್ದೇ ಹತ್ತಿದವರು. ಇದನ್ನು ಗುಲಾಮಗಿರಿ ಅಂತೀರಾ? ಧೈರ್ಯ ಅಂತೀನಿ ನಾನು.

ಮಾರಾಯ್ರೆ ಕೇಳಿ

ಅವರ ಧೈರ್ಯದ ಬಗ್ಗೆ ನಾನು ಮಾತಾಡಿಲ್ಲ ಅಕ್ಕ. ಗಂಡನನ್ನು ಕಿತ್ತುಕೊಂಡವರಿಗೇ "ಪ್ರಾರ್ಥಿಸುತ್ತೇನೆ" ಅಂತ ಬರೆಸಿದ ವ್ಯವಸ್ಥೆ ಬಗ್ಗೆ ನನ್ನ ಸಿಟ್ಟು. ಅದು ಹಾಗೇ ಇದೆ.

ಹೊಂಗೆನೆರಳು

ವಿಧೇಯ, ವಿನಮ್ರ ಅನ್ನೋದನ್ನೆಲ್ಲ ಯಾವ ಅಧಿಕಾರಿಯೂ ಓದಲ್ಲ ರೀ. ನಾನಂತೂ ಓದಿದವನಲ್ಲ. ನೇರ ಎರಡನೇ ಪ್ಯಾರಾಕ್ಕೆ ಹೋಗಿ ಏನು ಕೇಳಿದ್ದಾನೆ ಅಂತ ನೋಡಿ ಷರಾ ಹಾಕೋದು. ಬರೆಯೋನಿಗೂ ಗೊತ್ತು, ಓದೋನಿಗೂ ಗೊತ್ತು. ಆದರೆ ಅದಿಲ್ಲದಿದ್ದರೆ ಮಾತ್ರ ಕಣ್ಣಿಗೆ ಬೀಳುತ್ತೆ!

ನಿಂಬೆಹುಳಿ

ಅಂಚೆ ಖರ್ಚು ಹೇಗೆ ಭರಿಸುತ್ತಿದ್ದರು? ಆಗ ಅಂಚೆ ದುಬಾರಿ ಅಂತ ಕೇಳಿದ್ದೇನೆ.

ಡಬ್ಲಿನ್ ಮಳೆ

ಪೆನ್ನಿ ಅಂಚೆ ಬಂದದ್ದು 1840ರಲ್ಲಿ. ಅದಕ್ಕೆ ಮುಂಚೆ ದೂರ ನೋಡಿ ದರ, ಅದನ್ನೂ ಸಾಮಾನ್ಯವಾಗಿ ಕಾಗದ ಪಡೆದವನೇ ಕೊಡಬೇಕು. ದೊಡ್ಡ ಅಧಿಕಾರಿಗಳ ಹೆಸರಿಗೆ ಬರುವ ಟಪಾಲಿಗೆ ಮಾತ್ರ ಮಾಫಿ ಇತ್ತು. ಅಂದರೆ ಸಂಬಂಧಿಕರಿಗೆ ಬರೆಯೋದಕ್ಕಿಂತ ಅಂಡರ್ ಸೆಕ್ರೆಟರಿಗೆ ಬರೆಯೋದು ಅಗ್ಗ.

ಆ ಅಂಡರ್ ಸೆಕ್ರೆಟರಿಯ ಬಗ್ಗೆಯೂ ಹೇಳಬೇಕು. ವಿಲಿಯಂ ಗ್ರೆಗರಿ, 1812ರಿಂದ 1830ರವರೆಗೆ ಅಲುಗಾಡದೆ ಕೂತವನು. ಚೀಫ್ ಸೆಕ್ರೆಟರಿಗಳು ಬಂದು ಹೋಗುತ್ತಿದ್ದರು, ಪೀಲ್, ಗ್ರಾಂಟ್, ಗೌಲ್ಬರ್ನ್, ಲ್ಯಾಂಬ್ ಹೀಗೆ. ವರ್ಷದಲ್ಲಿ ಪಾರ್ಲಿಮೆಂಟ್ ನಡೆಯುವಷ್ಟು ಕಾಲ ಅವರು ಲಂಡನ್ನಿನಲ್ಲೇ. ಡಬ್ಲಿನ್‌ನಲ್ಲಿ ಟಪಾಲು ಒಡೆದು ಓದುತ್ತಿದ್ದವನು ಗ್ರೆಗರಿ. ಗಾಲ್ವೇ ಕಡೆಯವನೇ, ಪರಕೀಯ ಅಲ್ಲ, ಆದರೆ ಕ್ಯಾಥೊಲಿಕರಿಗೆ ಹಕ್ಕು ಕೊಡೋದಕ್ಕೆ ಪಕ್ಕಾ ವಿರೋಧಿ. ಅವನ ಮೊಮ್ಮಗನ ಹೆಂಡತಿಯೇ ಲೇಡಿ ಗ್ರೆಗರಿ, ಆ್ಯಬಿ ಥಿಯೇಟರ್ ಕಟ್ಟಿದವರಲ್ಲಿ ಒಬ್ಬಳು. ಅಜ್ಜನ ಪತ್ರಗಳನ್ನು ಆಮೇಲೆ ಆಕೆಯೇ ಸಂಪಾದಿಸಿ ಪ್ರಕಟಿಸಿದಳು.

ಪಟ್ಟಣದ ಹುಡುಗ

ಹಾಗಾದ್ರೆ ವೆಲ್ಲೆಸ್ಲಿ ಬಂದಾಗ ಕ್ಯಾಥೊಲಿಕರಿಗೆ ಖುಷಿಯಾಗಿರಬೇಕು? ಅವನು ಅವರ ಪರ ಅಂತ ಎಲ್ಲೋ ಓದಿದ ನೆನಪು.

ಎರಡನೇ ಸಾಲು

ಈ ಸಲ ಸರಿಯಾದ ವೆಲ್ಲೆಸ್ಲಿಯನ್ನೇ ಹಿಡಿದಿದ್ದೀರಿ. ಹೌದು, ರಿಚರ್ಡ್ ಕ್ಯಾಥೊಲಿಕರ ಹಕ್ಕಿನ ಪರ. ಜತೆಗೆ ಬಂದ ಚೀಫ್ ಸೆಕ್ರೆಟರಿ ಗೌಲ್ಬರ್ನ್ ಅದಕ್ಕೆ ವಿರೋಧ. ಅದಕ್ಕೆ ಹಿಂದಿನ ಜೋಡಿ ಉಲ್ಟಾ, ಲಾರ್ಡ್ ಲೆಫ್ಟಿನೆಂಟ್ ಟಾಲ್ಬಟ್ ವಿರೋಧ, ಚೀಫ್ ಸೆಕ್ರೆಟರಿ ಗ್ರಾಂಟ್ ಪರ. ಲಂಡನ್ನಿನವರು ಬೇಕೆಂದೇ ಹೀಗೆ ಜೋಡಿ ಕಟ್ಟುತ್ತಿದ್ದರು, ಯಾವ ಕಡೆಗೂ ಗಾಡಿ ಹೋಗದ ಹಾಗೆ. 1822ರ ಡಿಸೆಂಬರಿನಲ್ಲಿ ಡಬ್ಲಿನ್ ಥಿಯೇಟರ್ ರಾಯಲ್‌ನಲ್ಲಿ ನಾಟಕ ನೋಡುತ್ತಾ ಕೂತಿದ್ದ ವೆಲ್ಲೆಸ್ಲಿ ಕಡೆಗೆ ಆರೆಂಜ್ ಪಂಗಡದವರು (ಕ್ಯಾಥೊಲಿಕರಿಗೆ ಹಕ್ಕು ಕೊಡಬಾರದು ಅನ್ನುವ ಪ್ರಾಟೆಸ್ಟಂಟರು) ಬಾಟಲಿ ಎಸೆದರು.

ಬಿಸಿಬೇಳೆ

ಟಿಪ್ಪು ರಾಕೆಟ್ ಬಿಟ್ಟ, ಇವರು ಬಾಟಲಿ ಬಿಟ್ಟರು. ಒಟ್ಟಿನಲ್ಲಿ ಆ ಮನೆತನಕ್ಕೆ ಮೇಲಿಂದ ಏನಾದ್ರೂ ಬೀಳ್ತಾನೇ ಇತ್ತು.

ಕಡತಪ್ರಿಯ

😄 ಒಂದು ಸಂದೇಹ. ಅದೇ 1822ರಲ್ಲಿ ಕ್ಲೇರ್, ಗಾಲ್ವೇ, ಮೇಯೋ ಕಡೆಯಿಂದ ಹಸಿವಿನ ಅರ್ಜಿಗಳು ರಾಶಿ ರಾಶಿ ಬಂದಿವೆ. ಅವಕ್ಕೆ ಏನು ಮಾಡಿದರು?

ಎರಡನೇ ಸಾಲು

1821ರ ಶರತ್ಕಾಲದಲ್ಲಿ ಮಳೆ ಬಿಡಲಿಲ್ಲ, ಆಲೂಗಡ್ಡೆ ಕೊಳೆಯಿತು. ದೊಡ್ಡ ಕ್ಷಾಮಕ್ಕಿಂತ 20 ವರ್ಷಕ್ಕೂ ಮುಂಚಿನ ಮಾತು ಇದು, ಹೆಚ್ಚು ಜನಕ್ಕೆ ಗೊತ್ತೇ ಇಲ್ಲ. ಜನ ಪರದಾಡಿದ್ದು 1822ರ ವಸಂತ, ಬೇಸಿಗೆಯಲ್ಲಿ. ಓಟ್ಸ್ ಇತ್ತು, ಕೊಳ್ಳಲು ದುಡ್ಡಿರಲಿಲ್ಲ. ಸರ್ಕಾರ ಕಾಮಗಾರಿ ಶುರು ಮಾಡಿತು. ಪಶ್ಚಿಮಕ್ಕೆ ಅಲೆಕ್ಸಾಂಡರ್ ನಿಮ್ಮೋ ಅನ್ನುವ ಎಂಜಿನಿಯರನ್ನು ಕಳಿಸಿದರು, ರಸ್ತೆ, ಮೀನುಗಾರರಿಗೆ ಧಕ್ಕೆ. ದಕ್ಷಿಣಕ್ಕೆ ರಿಚರ್ಡ್ ಗ್ರಿಫಿತ್. ಲಂಡನ್ನಿನಲ್ಲಿ ಒಂದು ಸಮಿತಿ ಚಂದಾ ಎತ್ತಿ ದೊಡ್ಡ ಮೊತ್ತ ಕಳಿಸಿತು. ಪಾದ್ರಿಗಳ ಪತ್ರದಲ್ಲಿ ಎಷ್ಟು ಮನೆ, ಎಷ್ಟು ಜನ ಅಂತ ಎಣಿಸಿ ಬರೆದಿರುತ್ತಾರಲ್ಲ, ನೆರವು ಎಲ್ಲಿಗೆ ಅಂತ ನೋಡುವಾಗ ಅಂಥ ಪತ್ರ ಉಪಯೋಗಕ್ಕೆ ಬರುತ್ತಿತ್ತು. ಅಳು ಕಡಿಮೆ, ಲೆಕ್ಕ ಜಾಸ್ತಿ ಇರುವ ಪತ್ರ.

ನಿಮ್ಮೋ ಹಾಕಿಸಿದ ಧಕ್ಕೆಗಳಲ್ಲಿ ಕೆಲವು ಇನ್ನೂ ಇವೆ. ಡಬ್ಲಿನ್‌ನವರು ಗಾಲ್ವೇ ಕಡೆ ಹೋದರೆ ನೋಡಿ ಬನ್ನಿ.

ಡಬ್ಲಿನ್ ಮಳೆ

ರೌಂಡ್‌ಸ್ಟೋನ್ ನೋಡಿದ್ದೇನೆ. ಆ ಹಳ್ಳಿ ಬೆಳೆದದ್ದೇ ಅವನ ಧಕ್ಕೆಯ ಸುತ್ತ.

ನಿಂಬೆಹುಳಿ

ಕೊನೆಗೂ ಅರ್ಜಿಯಿಂದ ಒಂದು ಕಲ್ಲಿನ ಕಟ್ಟೆಯಾದರೂ ಬಂತು. ಸರಿ, ಅರ್ಧ ಒಪ್ಪಿದೆ.

ಕಡತಪ್ರಿಯ

ಹುಡುಕುವಾಗ ಒಂದು ತೊಂದರೆ. ಆಫಲಿ ಅಂತ ಕೌಂಟಿಯ (ಜಿಲ್ಲೆಯ) ಹೆಸರು ಹಾಕಿದರೆ ಆ ಕಾಲದ ಕಾಗದ ಸರಿಯಾಗಿ ಬರಲ್ಲ. ಯಾಕೆ?

ಎರಡನೇ ಸಾಲು

ಆಗ ಅದು ಕಿಂಗ್ಸ್ ಕೌಂಟಿ. ಈಗಿನ ಲೀಶ್ ಆಗ ಕ್ವೀನ್ಸ್ ಕೌಂಟಿ. ಈಗಿನ ಡನ್ ಲೇರಿ 1821ರಿಂದ ಕಿಂಗ್ಸ್‌ಟೌನ್, ಅದಕ್ಕೆ ಮುಂಚೆ ಡನ್‌ಲೀರಿ. ಹಣದ ಬಗ್ಗೆಯೂ ಹುಷಾರು, 1826ರವರೆಗೆ ಐರಿಷ್ ಪೌಂಡೇ ಬೇರೆ ಇತ್ತು. 13 ಐರಿಷ್ ಪೌಂಡಿಗೆ 12 ಬ್ರಿಟಿಷ್ ಪೌಂಡ್.

ಕಡತಪ್ರಿಯ

ಕಿಂಗ್ಸ್ ಕೌಂಟಿ ಅಂತ ಹಾಕಿದೆ. ಪುಟಗಟ್ಟಲೆ ಬಂತು. ಇವತ್ತೂ ನಿದ್ದೆ ಇಲ್ಲ.

ಹೊಂಗೆನೆರಳು

ಬಾಕಿ ಕಡತ ಜಾಸ್ತಿ ಇಟ್ಕೋಬೇಡಿ. ಬೇಗ ವಿಲೇವಾರಿ ಮಾಡಿ.